ಗೃಹಪ್ರವೇಶಕ್ಕೆ ಎಷ್ಟು ದಿನ ಮುಂಚೆ ಪಿಯು ಪಾಲಿಶ್ ಮುಗಿಸಬೇಕು?

ದಾವಣಗೆರೆ, ಚಿತ್ರದುರ್ಗದ ಕಡೆ ಹೊಸ ಮನೆಯ ಮುಂಬಾಗಿಲಿಗೆ ಪಿಯು (ಪಾಲಿಯುರೆಥೇನ್) ಪಾಲಿಶ್ ಆಗುವುದು ಎಲ್ಲ ಕೆಲಸ ಮುಗಿದ ಮೇಲೆ. ನಾಡಿದ್ದು ಗೃಹಪ್ರವೇಶ ಎನ್ನುವಾಗ ಇವತ್ತು ಕೊನೆಯ ಕೋಟ್ ಬೀಳುತ್ತದೆ. ಮರುದಿನ ಮುಟ್ಟಿದರೆ ಕೈಗೆ ಅಂಟುವುದಿಲ್ಲ, ಆ ಧೈರ್ಯದ ಮೇಲೆ ಹೊಸ್ತಿಲಿಗೆ ಅರಿಶಿನ ಬಳಿಯುತ್ತಾರೆ. ಪೂಜೆ ಮುಗಿಸಿ ಒರೆಸಿದರೆ ಹಳದಿ ಕಲೆ ಹೋಗುವುದಿಲ್ಲ. ತೋರಣಕ್ಕೆ ಅಂಟಿಸಿದ ಟೇಪ್ ಕಿತ್ತರೆ ಪಾಲಿಶ್ ಜೊತೆಗೇ ಎದ್ದು ಬರುತ್ತದೆ.

ಪಾಲಿಶ್ ತೆಳುವಾಗಿಸಲು ಬೆರೆಸುವ ಥಿನ್ನರ್ ಆರಿದ ತಕ್ಷಣ ಪದರ ಒಣಗಿದಂತೆ ಕಾಣುತ್ತದೆ, ಅಷ್ಟೆ. ಬೇಸ್ (ಮೂಲ ಪಾಲಿಶ್) ಮತ್ತು ಅದಕ್ಕೆ ಬೆರೆಸುವ ಹಾರ್ಡನರ್ (ಗಟ್ಟಿ ಮಾಡುವ ದ್ರವ) ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗಲು ದಿನಗಳೇ ಬೇಕು. ಹಾರ್ಡನರ್ ಬೆರೆಸುವ ಪಿಯು ಸಾಮಾನ್ಯವಾಗಿ ಅರ್ಧ ಗಂಟೆಯಲ್ಲಿ ಮುಟ್ಟುವಂತಾಗುತ್ತದೆ, ಪೂರ್ತಿ ಬಲ ಬರಲು ಸುಮಾರು 7 ದಿನ. ಹಾರ್ಡನರ್ ಇಲ್ಲದ, ಎಣ್ಣೆ ಆಧಾರದ ಒಂದೇ ಡಬ್ಬಿಯ ಪಿಯು ಆದರೆ ಮುಟ್ಟಲು 4ರಿಂದ 6 ಗಂಟೆ, ಗಟ್ಟಿಯಾಗಲು 30 ದಿನದವರೆಗೂ ಹಿಡಿಯಬಹುದು. ತೇಗದಲ್ಲಿರುವ ಎಣ್ಣೆ ಇದನ್ನು ಇನ್ನೂ ತಡಮಾಡುತ್ತದೆ, ಹಾಗಾಗಿ ಮೊದಲ ಕೋಟ್‌ಗೆ ಮುಂಚೆ ಮರವನ್ನು ಥಿನ್ನರ್ ಬಟ್ಟೆಯಿಂದ ಒರೆಸಲೇಬೇಕು.

ಸೀಲರ್ (ಮರದ ರಂಧ್ರ ಮುಚ್ಚುವ ತಳದ ಕೋಟ್) ಒಣಗಿದೆಯೋ ಇಲ್ಲವೋ ಎಂದು ಎಮರಿ ಪೇಪರೇ ಹೇಳುತ್ತದೆ. 320 ನಂಬರಿನಲ್ಲಿ ಮೆಲ್ಲಗೆ ಉಜ್ಜಿದಾಗ ಬಿಳಿ ಪುಡಿ ಉದುರಿದರೆ ಮುಂದಿನ ಕೋಟ್ ಹೊಡೆಯಬಹುದು. ಪೇಪರ್ ಮೇಲೆ ಮೇಣದಂಥ ಗಂಟು ಕಟ್ಟಿದರೆ ಆ ದಿನ ಕೈ ಹಚ್ಚಬೇಡಿ. ಎರಡು ಕೋಟ್ ನಡುವೆ ಒಂದು ದಿನಕ್ಕಿಂತ ಹೆಚ್ಚು ಬಿಟ್ಟಿದ್ದರೆ ಉಜ್ಜದೆ ಹೊಡೆಯಬಾರದು, ಮೇಲಿನ ಪದರಕ್ಕೆ ಹಿಡಿತವೇ ಸಿಗುವುದಿಲ್ಲ.

ಒಂದು ವಾರ ಕಳೆದರೂ ಉಗುರು ಒತ್ತಿದ ಗುರುತು ಉಳಿಯುತ್ತಿದೆ ಎಂದರೆ ಮೊದಲು ಥಿನ್ನರ್ ಯಾವುದೆಂದು ಕೇಳಿ. ಅಗ್ಗವೆಂದು ಎನ್‌ಸಿ (ನೈಟ್ರೋಸೆಲ್ಯುಲೋಸ್ ಪಾಲಿಶ್‌ಗೆ ಬಳಸುವ) ಥಿನ್ನರ್ ಸುರಿಯುವುದು ಇಲ್ಲಿ ಮಾಮೂಲು. ಅದರಲ್ಲಿ ಇರುವ ಆಲ್ಕೋಹಾಲ್, ಬೇಸ್ ಜೊತೆ ಸೇರಬೇಕಾದ ಹಾರ್ಡನರನ್ನೇ ತಿಂದುಹಾಕುತ್ತದೆ. ಪಿಯು ಥಿನ್ನರ್ ಬಿಟ್ಟು ಬೇರೇನೂ ಬೇಡ. ಹಾರ್ಡನರ್ ಹೆಚ್ಚು ಹಾಕಿದರೆ ಬೇಗ ಒಣಗುತ್ತದೆ ಎನ್ನುವುದೂ ತಪ್ಪು, ಪದರ ಪೆಡಸಾಗಿ ಸೀಳು ಬಿಡುತ್ತದೆ. ಡಬ್ಬಿಯ ಮೇಲಿನ ಅಳತೆ ತೂಕದ್ದೋ ಪರಿಮಾಣದ್ದೋ ಎಂದು ಓದಿ, ಹಾಗೆಯೇ ಅಳೆಯಿರಿ. ಕಣ್ಣಳತೆ ಇಲ್ಲಿ ನಡೆಯುವುದಿಲ್ಲ.

ಏಪ್ರಿಲ್ ಬಿಸಿಲಿನಲ್ಲಿ ಮಧ್ಯಾಹ್ನ ಹೊಡೆದರೆ ಮೇಲ್ಭಾಗ ಬೇಗ ಕೆನೆಗಟ್ಟಿ, ಒಳಗೆ ಸಿಕ್ಕಿಬಿದ್ದ ಥಿನ್ನರ್ ಗುಳ್ಳೆ ಎಬ್ಬಿಸುತ್ತದೆ. ಬೆಳಗ್ಗೆ ಹತ್ತರೊಳಗೆ ಮುಗಿಸುವುದು ಒಳ್ಳೆಯದು. ಆಷಾಢದಲ್ಲಿ ಚಿತ್ರದುರ್ಗದ ಗಾಳಿಯದೇ ದೊಡ್ಡ ತೊಂದರೆ. ಧೂಳು ಏಳದಿರಲೆಂದು ನೆಲಕ್ಕೆ ನೀರು ಚಿಮುಕಿಸಿ ಕೂಡಲೇ ಪಾಲಿಶ್ ಹೊಡೆಯುತ್ತಾರೆ. ಆ ತೇವ ಹಾರ್ಡನರ್ ಜೊತೆ ಸೇರಿ ಇಂಗಾಲದ ಡೈಆಕ್ಸೈಡ್ ಹುಟ್ಟಿಸುತ್ತದೆ, ಪದರದ ತುಂಬ ಸೂಜಿಮೊನೆಯಂಥ ತೂತು ಬೀಳುತ್ತವೆ. ಹಿಂದಿನ ಸಂಜೆಯೇ ಒರೆಸಿ ನೆಲ ಆರಲು ಬಿಡಿ. ಹಸಿ ಕೋಟ್ ಮೇಲೆ ನೇರವಾಗಿ ಫ್ಯಾನ್ ಬೇಡ. ಹೊಡೆಯುವವರು ಮುಖಕ್ಕೆ ಟವೆಲ್ ಕಟ್ಟಿದರೆ ಏನೂ ಪ್ರಯೋಜನವಿಲ್ಲ. ಹಾರ್ಡನರ್ ಆವಿ ಉಬ್ಬಸ ತರುತ್ತದೆ, ಆವಿ ತಡೆಯುವ ಕಾರ್ಟ್ರಿಜ್ ಮಾಸ್ಕ್ ಕೊಡಿಸಿ.

ಹಾರ್ಡನರ್ ಬೆರೆಸುವ ಪಿಯು ಆದರೆ ಗೃಹಪ್ರವೇಶಕ್ಕೆ ಹತ್ತು ದಿನ ಮುಂಚೆ, ಒಂದೇ ಡಬ್ಬಿಯದಾದರೆ 30 ದಿನ ಮುಂಚೆ ಕೊನೆಯ ಕೋಟ್ ಬೀಳುವಂತೆ ನೋಡಿಕೊಳ್ಳಿ. ಅಷ್ಟು ದಿನ ಸಿಗದಿದ್ದರೆ ತೋರಣವನ್ನು ದಾರದಲ್ಲಿ ಕೊಕ್ಕೆಗೆ ಕಟ್ಟಿ, ಹೊಸ್ತಿಲಿಗೆ ಕುಂಕುಮದ ಬೊಟ್ಟು ಮಾತ್ರ ಇಟ್ಟು ಒಣ ಬಟ್ಟೆಯಲ್ಲಿ ತೆಗೆಯಿರಿ. ಅರಿಶಿನ ಈಗಾಗಲೇ ಹಿಡಿದಿದ್ದರೆ ಥಿನ್ನರ್ ಹಾಕಿ ಉಜ್ಜಬೇಡಿ, ಎಳೆಯ ಪದರ ಕರಗುತ್ತದೆ. ಬಿಸಿಲು ಬೀಳುವ ಹೊಸ್ತಿಲಾದರೆ ಆ ಹಳದಿ ದಿನ ಕಳೆದಂತೆ ತಾನಾಗಿ ಮಾಸುತ್ತದೆ.