ಫ್ರಿಜ್‌ನಲ್ಲಿರೋದು ಡಿಎಂಇಎಂ, ಸೆಲ್‌ಗೆ ಬೇಕಾದದ್ದು ಆರ್‌ಪಿಎಂಐ: ಇರೋದರಲ್ಲೇ ಬೆಳೆಸಬಹುದಾ?

ಪ್ರಶ್ನೆ: ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಿಂದ ಜುರ್ಕಾಟ್ ಸೆಲ್ (ಲ್ಯಾಬ್‌ನಲ್ಲಿ ಬೆಳೆಸುವ ಒಂದು ಬಗೆಯ ಮನುಷ್ಯನ ಜೀವಕೋಶ) ತರಿಸುತ್ತಿದ್ದೇವೆ. ಆರ್‌ಪಿಎಂಐ 1640 ಬೇಕಂತೆ. ನಮ್ಮಲ್ಲಿ ಡಿಎಂಇಎಂ ಮಾತ್ರ ಇದೆ. ಎರಡೂ ಮೀಡಿಯಾನೇ, ಅಂದರೆ ಸೆಲ್ ಬೆಳೆಸುವ ಪೋಷಕ ದ್ರವವೇ ಅಲ್ವಾ?

ಉತ್ತರ: ಎರಡೂ ಮೀಡಿಯಾನೇ, ಆದರೆ ಅಡುಗೆ ಬೇರೆ. ವಿಜ್ಞಾನಿ ಹ್ಯಾರಿ ಈಗಲ್ 1959ರಲ್ಲಿ ಸೆಲ್‌ಗೆ ಕನಿಷ್ಠ ಏನೇನು ಬೇಕು ಅಂತ ಲೆಕ್ಕ ಹಾಕಿ ಒಂದು ಮೀಡಿಯಾ ಮಾಡಿದರು. ಇನ್ನೊಬ್ಬ ವಿಜ್ಞಾನಿ ಡಲ್ಬೆಕೊ ಅದರಲ್ಲಿ ಅಮೈನೋ ಆಮ್ಲ, ವಿಟಮಿನ್‌ಗಳನ್ನು ಸುಮಾರು ನಾಲ್ಕು ಪಟ್ಟು ಜಾಸ್ತಿ ಮಾಡಿದರು. ಅದೇ ಡಿಎಂಇಎಂ. ತಳಕ್ಕೆ ಅಂಟಿ ಬೆಳೆಯುವ ಹೀಲಾ, ಹೆಕ್ 293ನಂಥ ಸೆಲ್‌ಗಳಿಗೆ ಒಗ್ಗುತ್ತದೆ. ಆರ್‌ಪಿಎಂಐ ಹುಟ್ಟಿದ್ದು ಅಮೆರಿಕದ ಬಫಲೋ ಊರಿನ ರಾಸ್‌ವೆಲ್ ಪಾರ್ಕ್ ಸಂಸ್ಥೆಯಲ್ಲಿ, ತೇಲಿಕೊಂಡು ಬೆಳೆಯುವ ಬಿಳಿ ರಕ್ತಕಣಗಳಿಗಾಗಿ. ನಿಮ್ಮ ಜುರ್ಕಾಟ್ ಆ ಬಳಗದ್ದೇ.

ಸಕ್ಕರೆಯನ್ನೇ ನೋಡಿ. ಆರ್‌ಪಿಎಂಐನಲ್ಲಿ ಲೀಟರಿಗೆ 2 ಗ್ರಾಂ ಗ್ಲೂಕೋಸ್. 'ಹೈ ಗ್ಲೂಕೋಸ್' ಡಿಎಂಇಎಂನಲ್ಲಿ 4.5 ಗ್ರಾಂ. ಶುಗರ್ ಟೆಸ್ಟ್ ಲೆಕ್ಕದಲ್ಲಿ ಅದು 450! ಮನುಷ್ಯನಿಗೆ ಅಷ್ಟಿದ್ದರೆ ಡಾಕ್ಟರ್ ಬೈಯುತ್ತಾರೆ, ಸೆಲ್‌ಗಳು ಮಾತ್ರ ಸುಮ್ನೆ ತಿಂದುಕೊಂಡಿರುತ್ತವೆ. ಮಧುಮೇಹದ ಬಗ್ಗೆ ಕೆಲಸ ಮಾಡುವವರು 1 ಗ್ರಾಂನ 'ಲೋ ಗ್ಲೂಕೋಸ್' ಬಾಟಲಿ ಹುಡುಕುವುದು ಇದಕ್ಕೇ.

ಜಾಸ್ತಿ ಜನ ಗಮನಿಸದೇ ಇರೋದು ಬೈಕಾರ್ಬೊನೇಟ್, ಅಂದರೆ ಮೀಡಿಯಾದ ಪಿಎಚ್ (ಆಮ್ಲ-ಕ್ಷಾರದ ಅಳತೆ) ಹಿಡಿತದಲ್ಲಿಡುವ ಲವಣ. ಡಿಎಂಇಎಂನಲ್ಲಿ ಲೀಟರಿಗೆ 3.7 ಗ್ರಾಂ, ಆರ್‌ಪಿಎಂಐನಲ್ಲಿ 2 ಗ್ರಾಂ. ಮೊದಲನೆಯದನ್ನು ಮಾಡಿದ್ದು 10% ಕಾರ್ಬನ್ ಡೈಆಕ್ಸೈಡ್‌ಗೆ. ನಮ್ಮ ಇನ್‌ಕ್ಯುಬೇಟರ್‌ಗಳು ಸಾಮಾನ್ಯವಾಗಿ 5%ನಲ್ಲಿರುತ್ತವೆ. ಆಮ್ಲ ಮಾಡುವ ಆ ಅನಿಲ ಕಡಿಮೆ ಇರೋದರಿಂದ ಪಿಎಚ್ ಸ್ವಲ್ಪ ಮೇಲಿರುತ್ತದೆ. ಬಹಳಷ್ಟು ಸೆಲ್‌ಗಳು ಸಹಿಸಿಕೊಳ್ಳುತ್ತವೆ. ಮೀಡಿಯಾದ ಬಣ್ಣ ನೋಡುತ್ತಿರಿ: ಹಳದಿಗೆ ತಿರುಗಿದರೆ ಆಮ್ಲ ಜಾಸ್ತಿ, ನೇರಳೆ ಕಡೆ ಹೋದರೆ ಕ್ಷಾರ ಜಾಸ್ತಿ.

ಹಾಗಾದರೆ ಡಿಎಂಇಎಂನಲ್ಲಿ ಬೆಳೆಯೋದೇ ಇಲ್ವಾ? ನಿಧಾನಕ್ಕೆ ಒಗ್ಗಿಸಬಹುದು. ಹಳೇ ಮೀಡಿಯಾ (ಆರ್‌ಪಿಎಂಐ) ಮುಕ್ಕಾಲು, ಹೊಸದು (ಡಿಎಂಇಎಂ) ಕಾಲು, ಆಮೇಲೆ ಅರ್ಧ-ಅರ್ಧ, ಹೀಗೆ ಒಂದೊಂದು ಪ್ಯಾಸೇಜ್‌ಗೆ (ಬೆಳೆದ ಸೆಲ್‌ಗಳನ್ನು ಹೊಸ ಪಾತ್ರೆಗೆ ಹಂಚುವ ಸರದಿಗೆ) ಬದಲಿಸುತ್ತಾ ಹೋಗಬೇಕು. ಆದರೆ ಆಮೇಲೆ ಬರುವ ಫಲಿತಾಂಶವನ್ನು ಆರ್‌ಪಿಎಂಐನಲ್ಲಿ ಬೆಳೆಸಿದವರ ಫಲಿತಾಂಶದ ಪಕ್ಕ ಇಟ್ಟು ನೋಡುವುದು ಕಷ್ಟ. ಅಲ್ಲದೆ ಈ ಹಂತಗಳಿಗೂ ಆರ್‌ಪಿಎಂಐ ಬೇಕೇ ಬೇಕಲ್ಲ! ಸೆಲ್ ಇರುವ ವಯಲ್ (ಪುಟ್ಟ ಸೀಸೆ) ಪುಣೆಯಿಂದ ಹೊರಡುವ ಮೊದಲೇ 500 ಎಂಎಲ್‌ನ ಒಂದು ಬಾಟಲಿ ತರಿಸಿಟ್ಟುಕೊಳ್ಳಿ.