ಆವ್ರೋ ಮ್ಯಾಂಚೆಸ್ಟರ್: ಎಂಜಿನ್ ಕೈಕೊಟ್ಟ ಬಾಂಬರ್

ಎರಡನೇ ಮಹಾಯುದ್ಧದ ಬ್ರಿಟಿಷ್ ಬಾಂಬರ್‌ಗಳ ಪೈಕಿ ಮ್ಯಾಂಚೆಸ್ಟರ್‌ಗೆ ಸೋತ ವಿಮಾನ ಎಂಬ ಹೆಸರು ಅಂಟಿಕೊಂಡಿದೆ. ನನಗೆ ಇದು ಅರ್ಧ ಮಾತ್ರ ನಿಜ ಅನ್ನಿಸುತ್ತದೆ. ವಿಮಾನದ ಮೈಕಟ್ಟು ಚೆನ್ನಾಗಿಯೇ ಇತ್ತು, ಕೆಟ್ಟಿದ್ದು ಎಂಜಿನ್. ಇವೆರಡನ್ನು ಬಿಡಿಸಿ ಓದಿದರೆ ಮಿಕ್ಕಿದ್ದೆಲ್ಲ ಸುಲಭ.

1936ರಲ್ಲಿ ಬ್ರಿಟನ್ನಿನ ವಾಯು ಸಚಿವಾಲಯ ಪಿ.13/36 ಎಂಬ ಬೇಡಿಕೆ ಪಟ್ಟಿ ಹೊರಡಿಸಿತು. ಎಂಜಿನ್ ಎರಡೇ ಇರಬೇಕು, ಬಾಂಬ್ ಜಾಸ್ತಿ ಹೊರಬೇಕು, ಕೆಳಕ್ಕೆ ಎರಗಿ ಬಾಂಬ್ ಹಾಕಬೇಕು, ಹಡಗು ಹೊಡೆಯುವ ಉದ್ದನೆಯ ಟಾರ್ಪೆಡೋಗಳನ್ನೂ (ನೀರಿನೊಳಗೆ ಸಾಗುವ ಸಿಡಿತಲೆಗಳು) ಒಯ್ಯಬೇಕು. ಎಲ್ಲವೂ ಒಂದೇ ವಿಮಾನದಲ್ಲಿ! ಟಾರ್ಪೆಡೋ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಆವ್ರೋ ಕಂಪನಿಯ ರಾಯ್ ಚಾಡ್ವಿಕ್ ಇದರ ವಿನ್ಯಾಸ ಮಾಡಿದರು. 1939ರ ಜುಲೈ 25ರಂದು ಇಂಗ್ಲೆಂಡಿನ ರಿಂಗ್‌ವೇ ವಿಮಾನ ನಿಲ್ದಾಣದಲ್ಲಿ ಇದು ಮೊದಲ ಸಲ ಹಾರಿತು.

ಈಗ ಎಂಜಿನ್ ನೋಡೋಣ. ಹೆಸರು ರೋಲ್ಸ್ ರಾಯ್ಸ್ ವಲ್ಚರ್. ಸಾಮಾನ್ಯ ವಿ-12 ಎಂಜಿನ್ನಿನಲ್ಲಿ ಆರಾರು ಸಿಲಿಂಡರ್‌ಗಳ ಎರಡು ಸಾಲು ಇರುತ್ತವೆ. ವಲ್ಚರ್‌ನಲ್ಲಿ ಅಂಥದ್ದೇ ಇನ್ನೊಂದು ಜೋಡಿಯನ್ನು ಕೆಳಗಡೆ ತಲೆಕೆಳಗಾಗಿ ಸೇರಿಸಿದರು. ಎದುರಿನಿಂದ ನೋಡಿದರೆ ಇಂಗ್ಲಿಷಿನ ಎಕ್ಸ್ ಅಕ್ಷರದ ಆಕಾರ, ಒಟ್ಟು 24 ಸಿಲಿಂಡರ್. ಆದರೆ ಇವೆಲ್ಲ ಸೇರಿ ತಿರುಗಿಸುವ ದಂಡ, ಅಂದರೆ ಕ್ರ್ಯಾಂಕ್‌ಶಾಫ್ಟ್, ಮಾತ್ರ ಒಂದೇ. ಅಂದರೆ ಅದರ ಒಂದೊಂದು ಪಿನ್ನಿಗೂ ನಾಲ್ಕು ಕನೆಕ್ಟಿಂಗ್ ರಾಡ್‌ಗಳ (ಸಿಲಿಂಡರಿನ ಪಿಸ್ಟನ್ನನ್ನು ಈ ದಂಡಕ್ಕೆ ಜೋಡಿಸುವ ಸರಳುಗಳು) ಹೊಡೆತ. ರಾಡ್ ಸಲೀಸಾಗಿ ತಿರುಗಲು ಅಲ್ಲಿರುವ ಬೇರಿಂಗ್‌ಗೆ ಆಯಿಲ್ ಸರಿಯಾಗಿ ತಲುಪದಿದ್ದರೆ ಏನಾಗುತ್ತದೆ? ಬೇರಿಂಗ್ ಕಾದು ಹಾಳಾಗುತ್ತದೆ, ರಾಡ್ ಮುರಿಯುತ್ತದೆ, ಮುರಿದ ರಾಡ್ ಎಂಜಿನ್ನಿನ ಗೋಡೆಯನ್ನೇ ಒಡೆದು ಹೊರಬರುತ್ತದೆ. ಆಮೇಲೆ ಬೆಂಕಿ.

ಇದನ್ನು ಸರಿಪಡಿಸಲು ಸಮಯ ಬೇಕಿತ್ತು. 1940ರಲ್ಲಿ ಅದೇ ಇರಲಿಲ್ಲ. ಬ್ರಿಟನ್ ಉಳಿಯಬೇಕಾದರೆ ಸ್ಪಿಟ್‌ಫೈರ್, ಹರಿಕೇನ್ ಎಂಬ ಯುದ್ಧವಿಮಾನಗಳು ಹಾರಬೇಕು, ಅವಕ್ಕೆ ರೋಲ್ಸ್ ರಾಯ್ಸ್‌ನದೇ ಮರ್ಲಿನ್ ಎಂಜಿನ್ ಬೇಕು. ರೋಲ್ಸ್ ರಾಯ್ಸ್ ಗಮನವೆಲ್ಲ ಅತ್ತ ಹೋಯಿತು. ವಲ್ಚರ್‌ನ ಶಕ್ತಿಯನ್ನು ಸುಮಾರು 1,500 ಅಶ್ವಶಕ್ತಿಗೆ ಇಳಿಸಿ ಸುಧಾರಿಸಿಕೊಂಡರು. ಅಷ್ಟರಿಂದ ಆ ಭಾರ ಎಳೆಯುವುದೇ ಕಷ್ಟ. ಒಂದು ಎಂಜಿನ್ ನಿಂತರಂತೂ ಇನ್ನೊಂದರ ಮೇಲೆ ಎತ್ತರ ಕಾಯ್ದುಕೊಳ್ಳಲು ಆಗುತ್ತಿರಲಿಲ್ಲ. ಇದೇ ಬೇಡಿಕೆ ಪಟ್ಟಿಗೆ ವಿಮಾನ ಮಾಡುತ್ತಿದ್ದ ಹ್ಯಾಂಡ್ಲಿ ಪೇಜ್ ಕಂಪನಿ ಮಾತ್ರ 1937ರಲ್ಲೇ ನಾಲ್ಕು ಮರ್ಲಿನ್‌ಗಳ ಕಡೆ ತಿರುಗಿತ್ತು. ಹ್ಯಾಲಿಫ್ಯಾಕ್ಸ್ ಬಾಂಬರ್ ಹುಟ್ಟಿದ್ದು ಹಾಗೆ.

ಮ್ಯಾಂಚೆಸ್ಟರ್ ಮೊದಲು ಸೇರಿದ್ದು ಬ್ರಿಟಿಷ್ ವಾಯುಪಡೆಯ 207ನೇ ಸ್ಕ್ವಾಡ್ರನ್‌ಗೆ (ವಿಮಾನ ತುಕಡಿಗೆ). ಮೊದಲ ದಾಳಿ 1941ರ ಫೆಬ್ರವರಿ 24ರ ರಾತ್ರಿ, ಫ್ರಾನ್ಸಿನ ಬ್ರೆಸ್ಟ್ ಬಂದರಿನ ಮೇಲೆ. ಆ ವರ್ಷ ಬೇರಿಂಗ್ ತೊಂದರೆಯಿಂದ ವಿಮಾನಗಳನ್ನು ಹಾರಿಸದೆ ನಿಲ್ಲಿಸಬೇಕಾಯಿತು.

ಈ ಕಷ್ಟದ ಬೆಲೆ ತೆತ್ತವರು ಹಾರಿದ ಹುಡುಗರು. ಅವರಲ್ಲೊಬ್ಬ ಪೈಲಟ್ ಲೆಸ್ಲಿ ಮ್ಯಾನ್ಸರ್ ಹುಟ್ಟಿದ್ದು ನಮ್ಮ ನವದೆಹಲಿಯಲ್ಲಿ, 1922ರಲ್ಲಿ. 1942ರ ಮೇ 30ರ ರಾತ್ರಿ ಜರ್ಮನಿಯ ಕಲೋನ್ ನಗರದ ಮೇಲೆ ಸಾವಿರ ಬಾಂಬರ್‌ಗಳ ದಾಳಿ ನಡೆದಾಗ ಅವರು ನಡೆಸುತ್ತಿದ್ದುದು ಹಳೆಯ ಮ್ಯಾಂಚೆಸ್ಟರ್. ಎಂಜಿನ್ ವಿಪರೀತ ಬಿಸಿಯಾಗುತ್ತಿದ್ದುದರಿಂದ ವಿಮಾನ ಮೇಲೇರಲಿಲ್ಲ, 7,000 ಅಡಿಯಿಂದಲೇ ಬಾಂಬ್ ಹಾಕಿದರು. ಗುಂಡೇಟು ಬಿತ್ತು. ವಾಪಸ್ ಬರುವಾಗ ಎಡ ಎಂಜಿನ್ನಿಗೆ ಬೆಂಕಿ ಹತ್ತಿತು. ಜೊತೆಗಾರರು ಜಿಗಿಯುವವರೆಗೂ ಅವರು ವಿಮಾನವನ್ನು ಅಲುಗಾಡದಂತೆ ಹಿಡಿದರು. ತಮಗೆ ಚಾಚಿದ ಪ್ಯಾರಾಚೂಟನ್ನು ಬೇಡವೆಂದು ಕೈಬೀಸಿದರು. ಜಿಗಿದ ಆರೂ ಮಂದಿ ಬದುಕಿದರು. ವಿಮಾನದ ಜೊತೆ ಬಿದ್ದು ಸತ್ತ ಮ್ಯಾನ್ಸರ್‌ಗೆ 20 ವರ್ಷ. ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಆಮೇಲೆ ಬಂತು.

ಅಷ್ಟರಲ್ಲಿ ಚಾಡ್ವಿಕ್ ದಾರಿ ಕಂಡುಕೊಂಡಿದ್ದರು. ಅದೇ ಮೈಕಟ್ಟು, ಇನ್ನಷ್ಟು ಉದ್ದದ ರೆಕ್ಕೆ, ನಾಲ್ಕು ಮರ್ಲಿನ್. ಮೊದಲು ಮ್ಯಾಂಚೆಸ್ಟರ್-3 ಎಂದು ಕರೆದ ಈ ವಿಮಾನ 1941ರ ಜನವರಿ 9ರಂದು ಹಾರಿತು. ಅದೇ ಲ್ಯಾಂಕಾಸ್ಟರ್. ಗಮನಿಸಿ, ಮ್ಯಾಂಚೆಸ್ಟರ್ ಇನ್ನೂ ಮೊದಲ ದಾಳಿಗೇ ಹೋಗಿರಲಿಲ್ಲ! ಟಾರ್ಪೆಡೋಗಾಗಿ ಇಟ್ಟ ಸುಮಾರು 33 ಅಡಿ ಉದ್ದದ, ನಡುವೆ ಅಡ್ಡಗೋಡೆ ಇಲ್ಲದ ಬಾಂಬ್ ಜಾಗ ಲ್ಯಾಂಕಾಸ್ಟರ್‌ಗೆ ವರವಾಯಿತು. 12,000 ಪೌಂಡಿನ ಟಾಲ್‌ಬಾಯ್ ಬಾಂಬ್ ಹೊತ್ತಿದ್ದು ಈ ಜಾಗದಿಂದಲೇ.

ಮ್ಯಾಂಚೆಸ್ಟರ್ ಆಗಿದ್ದು ಸುಮಾರು 200, ಲ್ಯಾಂಕಾಸ್ಟರ್ 7,377. 1942ರ ಜೂನ್‌ನಲ್ಲಿ ಜರ್ಮನಿಯ ಬ್ರೆಮೆನ್ ಮೇಲಿನ ದಾಳಿಯೇ ಮ್ಯಾಂಚೆಸ್ಟರ್‌ನ ಕೊನೆಯದು. ಆಮೇಲೆ ಉಳಿದ ವಿಮಾನಗಳನ್ನು ಲ್ಯಾಂಕಾಸ್ಟರ್ ಸಿಬ್ಬಂದಿಯ ತರಬೇತಿಗೆ ಬಳಸಿದರು.