ಎ-2 ಜಾಕೆಟ್: ಮರುತಯಾರಿಯ ಗುಟ್ಟು ತೊಗಲಿನ ಹದದಲ್ಲಿದೆ

ಅಮೆರಿಕದ ಸೇನಾ ವಾಯುದಳ 1931ರಲ್ಲಿ ತನ್ನ ವಿಮಾನ ಚಾಲಕರಿಗಾಗಿ ಒಪ್ಪಿಕೊಂಡ ಎ-2 ತೊಗಲಿನ ಜಾಕೆಟ್ ನೋಡಲು ಸರಳ. ಜೋಡಣೆಯಿಲ್ಲದ ಒಂದೇ ತುಂಡಿನ ಬೆನ್ನು, ಮುಂದೆ ಎರಡು ಜೇಬು, ಭುಜಪಟ್ಟಿ, ಲೋಹದ ಝಿಪ್ಪು, ಮುಂಗೈಗೂ ಸೊಂಟಕ್ಕೂ ಉಣ್ಣೆಯ ಹೆಣಿಗೆ ಪಟ್ಟಿ. 1943ರಲ್ಲಿ ಹೊಸ ಗುತ್ತಿಗೆಗಳು ನಿಂತು, ಅದರ ಜಾಗಕ್ಕೆ ಬಟ್ಟೆಯ ಬಿ-10 ಜಾಕೆಟ್ ಬಂತು. ಅಂದಿನ ಜಾಕೆಟ್‌ಗಳು ಈಗ ತೊಡುವ ಸ್ಥಿತಿಯಲ್ಲಿ ಸಿಗುವುದು ಅಪರೂಪ; ಆದ್ದರಿಂದಲೇ ಮರುತಯಾರಿಗೆ, ಅಂದರೆ ಅದೇ ಮಾದರಿಯಲ್ಲಿ ಈಗ ಹೊಲಿದ ಜಾಕೆಟ್‌ಗಳಿಗೆ, ಇಷ್ಟು ಬೇಡಿಕೆ.

ಕೊಳ್ಳುವವರು ಸಾಮಾನ್ಯವಾಗಿ ಮೊದಲು ನೋಡುವುದು ಲೇಬಲ್ಲನ್ನು: ಅಂದು ಸೇನೆಗೆ ಹೊಲಿದುಕೊಟ್ಟ ಕಂಪನಿಗಳಲ್ಲಿ ರಫ್ ವೇರ್‌ನ 27752 ಸಂಖ್ಯೆಯ ಗುತ್ತಿಗೆಯ ನಕಲೋ, ಏರೋ ಲೆದರ್‌ನದೋ ಎಂದು. ಆದರೆ ಲೇಬಲ್ಲನ್ನು ಯಾರು ಬೇಕಾದರೂ ನೇಯಿಸಬಹುದು. ಹತ್ತು ವರ್ಷ ತೊಟ್ಟ ಮೇಲೆ ಜಾಕೆಟ್ ಹೇಗೆ ಕಾಣುತ್ತದೆ ಎಂಬುದನ್ನು ತೀರ್ಮಾನಿಸುವುದು ತೊಗಲಿನ ಹದ, ಅಂದರೆ ಹಸಿ ಚರ್ಮ ಕೊಳೆಯದಂತೆ ಅದನ್ನು ತೊಗಲಾಗಿಸುವ ರೀತಿ.

ಹಸಿ ಚರ್ಮದ ಮುಖ್ಯ ವಸ್ತು ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳು. ತೊಗಟೆ ಹದದಲ್ಲಿ ಗಿಡಮರಗಳ ಟ್ಯಾನಿನ್ ಎಂಬ ಒಗರು ವಸ್ತು ಈ ಎಳೆಗಳ ನಡುವೆ ತುಂಬಿಕೊಂಡು ಹೈಡ್ರೋಜನ್ ಬಂಧಗಳಿಂದ ಹಿಡಿದುಕೊಳ್ಳುತ್ತದೆ. ನಮ್ಮಲ್ಲಿ ತಂಗಡಿ ತೊಗಟೆ, ಅಳಲೆಕಾಯಿ ಬಳಸಿ ಮಾಡುತ್ತಿದ್ದುದೂ ಇದೇ ಕೆಲಸ. ಹಳೆಯ ಗುಂಡಿ ಪದ್ಧತಿಯಲ್ಲಿ ಇದಕ್ಕೆ ವಾರಗಟ್ಟಲೆ, ದಪ್ಪ ತೊಗಲಾದರೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಕ್ರೋಮ್ ಹದದಲ್ಲಿ ಆಮ್ಲದಲ್ಲಿ ನೆನೆದ ಚರ್ಮಕ್ಕೆ ಕ್ರೋಮಿಯಂ ಲವಣ ಕುಡಿಸಿ, ಹುಳಿಯ ಅಳತೆಯಾದ ಪಿಎಚ್ ಅನ್ನು (ಹುಳಿ ತಗ್ಗಿದಷ್ಟೂ ಇದು ಏರುತ್ತದೆ) ಸುಮಾರು 3ರಿಂದ 4ರ ಹತ್ತಿರಕ್ಕೆ ನಿಧಾನವಾಗಿ ಏರಿಸುತ್ತಾರೆ. ಆಗ ಕ್ರೋಮಿಯಂ ಎಳೆ ಎಳೆಗೂ ಗಟ್ಟಿ ಸೇತುವೆ ಕಟ್ಟುತ್ತದೆ. ಒಂದೆರಡು ದಿನದ ಕೆಲಸ.

ಕ್ರೋಮ್ ತೊಗಲು ಮೃದು. ಮಡಚಿ ಬಿಟ್ಟರೆ ಸ್ಪಂಜಿನಂತೆ ಮೊದಲಿನ ಆಕಾರಕ್ಕೆ ಮರಳುತ್ತದೆ. ತೊಗಟೆ ಹದದ ಕುದುರೆ ತೊಗಲು ಹೊಸದರಲ್ಲಿ ಬಿರುಸು, ಆದರೆ ಮೊಣಕೈಯಲ್ಲಿ ಬಿದ್ದ ಸುಕ್ಕನ್ನು ಬಿಡುವುದಿಲ್ಲ. ಮೇಲಿನ ಬಣ್ಣ ಸವೆದಲ್ಲಿ ಒಳಗಿನ ಕಂದು ಇಣುಕುತ್ತದೆ. ಹಳೆಯ ಛಾಯಾಚಿತ್ರಗಳಲ್ಲಿ ಕಾಣುವ ಆ ನೆರಿಗೆಗಳು ಬೇಕೆಂದರೆ ತೊಗಟೆ ಹದವನ್ನೇ ಕೇಳಬೇಕು. ಜಪಾನಿನ ಹಿಮೆಜಿಯ ಶಿಂಕಿ ಹಿಕಾಕು ಹದಗಾರಿಕೆಯ ಕುದುರೆ ತೊಗಲಿಗೆ ಈ ವಲಯದಲ್ಲಿ ಹೆಸರಿದೆ. ಮೇಕೆ ತೊಗಲೂ ತಪ್ಪಲ್ಲ. ಯುದ್ಧಕಾಲದಲ್ಲಿ ಅದರಲ್ಲೂ ಎ-2 ಹೊಲಿದರು.

ಗುರುತಿಸಲು ಜೇಬಿನ ಮುಚ್ಚಳದ ಒಳಬದಿಯಲ್ಲಿ ಕತ್ತರಿಸಿದ ಅಂಚು ನೋಡಿ. ನಡುವೆ ನೀಲಿ-ಬೂದು ಗೆರೆ ಇದ್ದರೆ ಕ್ರೋಮ್. ಕಂದು ಇದ್ದರೆ ಮಾತ್ರ ಅವಸರ ಬೇಡ: ಕ್ರೋಮ್ ತೊಗಲಿಗೂ ಒಳತನಕ ಬಣ್ಣ ಇಳಿಸಬಹುದು, ಎರಡೂ ಹದ ಕೂಡಿಸಿದ ತೊಗಲೂ ಉಂಟು. ಮಾರುವವರನ್ನು ನೇರವಾಗಿ ಕೇಳುವುದೇ ಮೇಲು.

ಅಳತೆಗೆ ನಿಮ್ಮ ಎದೆಯ ಸುತ್ತಳತೆಗಿಂತ ಜಾಕೆಟ್ 10ರಿಂದ 12 ಸೆಂ.ಮೀ. ಹೆಚ್ಚಿರಲಿ. ಉದ್ದ ಕಡಿಮೆ ಅನ್ನಿಸಿದರೆ ಅದು ದೋಷವಲ್ಲ; ಆಗಿನ ಪ್ಯಾಂಟು ಹೊಕ್ಕುಳ ಮಟ್ಟಕ್ಕೆ ಏರುತ್ತಿತ್ತು. ಉದ್ದಕ್ಕೆಂದು ದೊಡ್ಡ ಸೈಜು ಕೊಂಡರೆ ಭುಜ ಜೋತುಬೀಳುತ್ತದೆ. ಹಾಗೆಂದು ಸೊಂಟ ತೀರಾ ಬಿಗಿಯಾದರೆ ಝಿಪ್ಪಿನ ಬುಡದ ಪಟ್ಟಿ ಮೊದಲು ಹರಿಯುತ್ತದೆ. ಝಿಪ್ಪಿನ ಒಂದು ಬದಿಯ ಕಡ್ಡಿಯನ್ನು ಇನ್ನೊಂದು ಬದಿಯ ಗೂಡಿನ ಪೂರ್ತಿ ತಳಕ್ಕೆ ಕೂರಿಸಿದ ಮೇಲಷ್ಟೇ ಮೇಲೆಳೆಯಿರಿ; ಹಲ್ಲುಗಳಿಗೆ ಒಮ್ಮೊಮ್ಮೆ ಮೇಣದಬತ್ತಿ ಉಜ್ಜಿ.

ಶಾಖದ ವಿಷಯದಲ್ಲಿ ಬಹಳ ಎಚ್ಚರ ಬೇಕು. ಒದ್ದೆಯಾದ ತೊಗಟೆ ಹದದ ತೊಗಲು ಸುಮಾರು 70ರಿಂದ 85 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮುದುಡುತ್ತದೆ, ಮತ್ತೆ ಹಿಗ್ಗುವುದಿಲ್ಲ. ಕ್ರೋಮ್ ತೊಗಲು 100 ಡಿಗ್ರಿಯನ್ನೂ ತಾಳಬಲ್ಲದು. ಹಳತಾಗಿ ಶಿಥಿಲವಾದ ತೊಗಲು ಇನ್ನೂ ಕಡಿಮೆ ಶಾಖಕ್ಕೇ ಸೋಲುತ್ತದೆ. ಮಳೆಯಲ್ಲಿ ನೆನೆದರೆ ಅಗಲ ಹ್ಯಾಂಗರಿಗೆ ಹಾಕಿ ನೆರಳಲ್ಲಿ, ಗಾಳಿಗೆ ಆರಿಸಿ.

ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಕಾಟ ಬೂಷ್ಟಿನದು. ಗಾಳಿಯ ತೇವಾಂಶ ಶೇ. 65 ದಾಟಿದಂತೆ ಅದು ಹಬ್ಬುತ್ತದೆ, ಹೆಚ್ಚು ಎಣ್ಣೆ ಸವರಿದ್ದರೆ ಇನ್ನೂ ಬೇಗ. ಬಿಳಿ ಪುಡಿ ಕಂಡ ಕಡೆ ಬೆಚ್ಚಗಿನ ಗಾಳಿ ಊದಿ ನೋಡಿ: ಕರಗಿ ಮಾಯವಾದರೆ ತೊಗಲೊಳಗಿನ ಕೊಬ್ಬು, ಹಾಗೇ ಉಳಿದರೆ ಬೂಷ್ಟು. ಪ್ಲಾಸ್ಟಿಕ್ ಚೀಲದಲ್ಲಿ ತಿಂಗಳುಗಟ್ಟಲೆ ಮುಚ್ಚಿಡಬೇಡಿ, ಹತ್ತಿಬಟ್ಟೆಯ ಹೊದಿಕೆ ಸಾಕು. ಉಣ್ಣೆಯ ಪಟ್ಟಿಗೆ ಹುಳ ತಗುಲಿ ತೂತು ಬಿದ್ದರೆ ಹೊಸ ಪಟ್ಟಿ ಹೊಲಿಸಬಹುದು. ಹೊಲಿಯುವವರು ತೊಗಲಿನ ಹಳೆಯ ಸೂಜಿ ತೂತುಗಳಲ್ಲೇ ಹೊಲಿಗೆ ಹಾಕಲಿ, ಪಕ್ಕದಲ್ಲಿ ಹೊಸ ಸಾಲು ಚುಚ್ಚಿದರೆ ಅಂಚು ಅಲ್ಲೇ ಹರಿದುಬರುತ್ತದೆ.